ಸವೆದಿದೆ, ಆದರೆ ನುಡಿಯುತ್ತದೆ: ಹಳೆಯ ನ್ಯಾಚುರಲ್ ಹಾರ್ನ್ ಒಂದನ್ನು ಕೊಂಡ ಪಾಠ

ಜನವರಿಯ ಒಂದು ರಾತ್ರಿ. ಮಾರನೇ ದಿನದ ಪರೀಕ್ಷೆಗೆ ಓದುತ್ತಾ ಕೂತಿದ್ದೆ. ದೊಡ್ಡಮ್ಮನ ಮಗ ಜರ್ಮನಿಯಿಂದ ಫೋನ್ ಮಾಡಿದ. ಅಣ್ಣ ನ್ಯೂರೆಂಬರ್ಗ್‌ನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿಗೆ ಹೋದ ಮೇಲೆ ಫ್ರೆಂಚ್ ಹಾರ್ನ್ ಕಲಿತು, ಈಗ ಒಂದು ಹವ್ಯಾಸಿ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಾನೆ.

"ಲೋ, ನೀನು ಮೆಕ್ಯಾನಿಕಲ್ ತಾನೇ?"

"ಹೌದಣ್ಣ, ಐದನೇ ಸೆಮ್."

"ಒಂದು ಹಳೇ ಹಾರ್ನ್ ಮಾರಾಟಕ್ಕಿದೆ ಕಣೋ. ನೂರು ವರ್ಷದ ಮೇಲಾಗಿದೆಯಂತೆ. ವಾಲ್ವ್ ಇಲ್ಲ, ನ್ಯಾಚುರಲ್ ಹಾರ್ನ್. 'ಸವೆದಿದೆ, ಆದರೆ ನುಡಿಯುತ್ತದೆ' ಅಂತ ಬರೆದಿದ್ದಾರೆ. ಶನಿವಾರ ನೋಡೋಕೆ ಹೋಗ್ತೀನಿ. ಏನೇನು ನೋಡ್ಬೇಕು ಅಂತ ಪಟ್ಟಿ ಮಾಡಿ ಕೊಡು."

ಹಾರ್ನ್ ಅಂದ್ರೆ ನನಗೆ ಆಗ ಗೊತ್ತಿದ್ದದ್ದು ಕೆಎಸ್‌ಆರ್‌ಟಿಸಿ ಬಸ್ಸಿನದು ಮಾತ್ರ. ಆದರೆ ಅಣ್ಣ ಕೇಳಿದ ಮೇಲೆ ಇಲ್ಲ ಅನ್ನೋಕಾಗುತ್ತಾ? ಪರೀಕ್ಷೆ ಮುಗಿಸಿ ಮೂರು ದಿನ ಕೂತು ಓದಿದೆ. ಆ ಓದು, ನಾವು ಮಾಡಿದ ಪರೀಕ್ಷೆಗಳು, ನಾನು ಮಾಡಿದ ಒಂದು ದೊಡ್ಡ ತಪ್ಪು, ಇಷ್ಟೂ ಈ ಲೇಖನದಲ್ಲಿವೆ. ನಿಮ್ಮಲ್ಲಿ ಯಾರೂ ನಾಳೆಯೇ ಹಾರ್ನ್ ಕೊಳ್ಳಲಿಕ್ಕಿಲ್ಲ. ಆದರೂ ಓದಿ. ಇದರಲ್ಲಿರುವ ಫಿಸಿಕ್ಸ್ ನಮ್ಮ ಸಿಲಬಸ್ಸಿನದೇ, ತಪ್ಪೂ ನಮ್ಮಂಥವರೇ ಮಾಡುವಂಥದ್ದು.

ನ್ಯಾಚುರಲ್ ಹಾರ್ನ್ ಅಂದ್ರೆ ಏನು?

ಒಂದು ಉದ್ದನೆಯ ಹಿತ್ತಾಳೆ ಕೊಳವೆ. ಒಂದು ತುದಿಯಲ್ಲಿ ಆಲಿಕೆಯಂಥ ಮೌತ್‌ಪೀಸ್, ಇನ್ನೊಂದು ತುದಿಯಲ್ಲಿ ಸುಮಾರು 30 ಸೆಂ.ಮೀ. ಅಗಲಕ್ಕೆ ಅರಳಿದ ಬಾಯಿ. ಅದಕ್ಕೆ ಬೆಲ್ ಅಂತಾರೆ. ಹಿಡಿಯೋಕೆ ಅನುಕೂಲವಾಗಲಿ ಅಂತ ಕೊಳವೆಯನ್ನು ಸುರುಳಿ ಸುತ್ತಿರುತ್ತಾರೆ. ರಂಧ್ರ ಇಲ್ಲ, ಕೀಲಿ ಇಲ್ಲ, ವಾಲ್ವ್ ಇಲ್ಲ. ತುಟಿಯ ಬಿಗಿ ಬದಲಿಸಿದರೆ ಸ್ವರ ಬದಲಾಗುತ್ತದೆ, ಅಷ್ಟೇ. ನಮ್ಮ ಜಾತ್ರೆಗಳಲ್ಲಿ ಊದುವ ಕೊಂಬು, ಕಹಳೆಗಳೂ ಇದೇ ತತ್ವದವು. ಆಕಾರ ಬೇರೆ, ಕೆಲಸ ಒಂದೇ.

ಯುರೋಪಿನಲ್ಲಿ ಇದು ಬೇಟೆಯ ಕಾಡಿನಿಂದ ಆರ್ಕೆಸ್ಟ್ರಾದ ಒಳಗೆ ಬಂದ ವಾದ್ಯ. ಬೇರೆ ಬೇರೆ ಶ್ರುತಿಯಲ್ಲಿ ನುಡಿಸಬೇಕಾದಾಗ ಕೊಳವೆಯ ಉದ್ದವನ್ನೇ ಬದಲಿಸುತ್ತಿದ್ದರು. ಅದಕ್ಕಾಗಿ ಬಿಚ್ಚಿ ಹಾಕುವ ಸುರುಳಿ ಕೊಳವೆಗಳು ಇರುತ್ತಿದ್ದವು. ಇವಕ್ಕೆ ಕ್ರುಕ್ ಎಂದು ಹೆಸರು. ಎಫ್ ಕ್ರುಕ್ ಹಾಕಿದರೆ ಒಟ್ಟು ಉದ್ದ ಸುಮಾರು 3.7 ಮೀ., ಇ-ಫ್ಲಾಟ್ ಹಾಕಿದರೆ ಸುಮಾರು 4.2 ಮೀ., ಡಿ ಹಾಕಿದರೆ ಸುಮಾರು 4.4 ಮೀ. ಕೊಳವೆ ಉದ್ದವಾದಷ್ಟೂ ಶ್ರುತಿ ಕೆಳಗೆ.

1750ರ ದಶಕದ ಆಸುಪಾಸಿನಲ್ಲಿ ಡ್ರೆಸ್ಡೆನ್‌ನ ಆಂಟೋನ್ ಹಾಂಪೆಲ್ ಎಂಬ ವಾದಕ ಬಲಗೈಯನ್ನು ಬೆಲ್ ಒಳಗೆ ಇಟ್ಟು, ಬೇಕಾದಷ್ಟು ಮುಚ್ಚಿ ತೆರೆದು, ಕೊಳವೆ ತಾನಾಗಿ ಕೊಡದ ಸ್ವರಗಳನ್ನೂ ತೆಗೆಯುವ ವಿಧಾನವನ್ನು ರೂಪಿಸಿದನೆಂದು ಹೇಳುತ್ತಾರೆ. ಮೊಜಾರ್ಟ್ ತನ್ನ ಗೆಳೆಯ ಲಾಯ್ಟ್‌ಗೆಬ್‌ಗಾಗಿ ಬರೆದ ಹಾರ್ನ್ ಕನ್ಚೆರ್ಟೊಗಳು ಈ ವಾದ್ಯಕ್ಕೇ ಬರೆದವು. 1818ರಲ್ಲಿ ಷ್ಟೋಲ್ಸೆಲ್ ಮತ್ತು ಬ್ಲೂಮೆಲ್ ಎಂಬಿಬ್ಬರು ಪ್ರಷ್ಯಾದಲ್ಲಿ ವಾಲ್ವ್‌ಗೆ ಪೇಟೆಂಟ್ ಪಡೆದರು. ಅಲ್ಲಿಂದಾಚೆ ನ್ಯಾಚುರಲ್ ಹಾರ್ನ್ ನಿಧಾನವಾಗಿ ಹಿಂದೆ ಸರಿಯಿತು. ಆದರೂ 1865ರಲ್ಲಿ ಬ್ರಾಮ್ಸ್ ತನ್ನ ಹಾರ್ನ್ ಟ್ರಯೊವನ್ನು ಬೇಕೆಂದೇ ವಾಲ್ವ್ ಇಲ್ಲದ ಹಾರ್ನ್‌ಗೆ ಬರೆದ. ಅಣ್ಣನಿಗೆ ನುಡಿಸಬೇಕಾಗಿದ್ದದ್ದು ಅದೇ. ಅದಕ್ಕೆ ಬೇಕಾದದ್ದು ಇ-ಫ್ಲಾಟ್ ಕ್ರುಕ್. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಕೊಳವೆಯೊಳಗಿನ ಲೆಕ್ಕ

ಕೊಳವೆಯೊಳಗಿನ ಗಾಳಿಯಲ್ಲಿ ಸ್ಟ್ಯಾಂಡಿಂಗ್ ವೇವ್ ನಿಲ್ಲುತ್ತದೆ. ಒಂದು ತುದಿ ತುಟಿಯಿಂದ ಮುಚ್ಚಿದೆ, ಇನ್ನೊಂದು ತುದಿ ತೆರೆದಿದೆ. ಪಿಯುಸಿ ಪಾಠದ ಪ್ರಕಾರ ಬೆಸ ಹಾರ್ಮೋನಿಕ್‌ಗಳು ಮಾತ್ರ ಬರಬೇಕು ಅಲ್ವಾ? ಆದರೆ ಹಾರ್ನ್ ಸಮ ಅಗಲದ ಕೊಳವೆ ಅಲ್ಲ. ಅರಳಿದ ಬೆಲ್ ಕೆಳಗಿನ ಮೋಡ್‌ಗಳನ್ನು ಮೇಲಕ್ಕೆ ತಳ್ಳುತ್ತದೆ, ಮೌತ್‌ಪೀಸ್ ಮೇಲಿನ ಮೋಡ್‌ಗಳನ್ನು ಕೆಳಕ್ಕೆ ಎಳೆಯುತ್ತದೆ. ಎರಡೂ ಸೇರಿ, ತೀರಾ ಕೆಳಗಿನ ಮೋಡ್ ಒಂದನ್ನು ಬಿಟ್ಟು, ಉಳಿದವು ಹೆಚ್ಚುಕಡಿಮೆ 2, 3, 4, 5 ಅನ್ನೋ ಪೂರ್ಣ ಸಂಖ್ಯೆಗಳ ಸಾಲಿಗೆ ಬರುತ್ತವೆ. ನೂರಾರು ವರ್ಷ ಕುಶಲಕರ್ಮಿಗಳು ಕಿವಿಯಿಂದಲೇ ಮಾಡಿದ ಡಿಸೈನ್ ಇದು.

ಇ-ಫ್ಲಾಟ್ ಕ್ರುಕ್ ಹಾಕಿದಾಗ, ಎ = 440 ಹರ್ಟ್ಜ್ ಶ್ರುತಿಯಲ್ಲಿ, ಸಾಲು ಹೀಗಿರುತ್ತದೆ. ನಮಗೆ ಅರ್ಥವಾಗಲಿ ಅಂತ 8ನೆಯದನ್ನು ಷಡ್ಜ ಅಂದುಕೊಂಡು ಸ್ವರ ಬರೆದಿದ್ದೇನೆ:

- 4: 155.6 ಹರ್ಟ್ಜ್, ಕೆಳಗಿನ ಸ
- 5: 194.5 ಹರ್ಟ್ಜ್, ಅಂತರ ಗಾಂಧಾರ
- 6: 233.3 ಹರ್ಟ್ಜ್, ಪ
- 7: 272.2 ಹರ್ಟ್ಜ್, ಕೈಶಿಕಿ ನಿಷಾದ, ಆದರೆ ಪಿಯಾನೋದ ಸ್ವರಕ್ಕಿಂತ 31 ಸೆಂಟ್ ಕೆಳಗೆ
- 8: 311.1 ಹರ್ಟ್ಜ್, ಸ
- 9: 350 ಹರ್ಟ್ಜ್, ಚತುಶ್ರುತಿ ರಿಷಭ
- 10: 388.9 ಹರ್ಟ್ಜ್, ಅಂತರ ಗಾಂಧಾರ
- 11: 427.8 ಹರ್ಟ್ಜ್, ಎರಡು ಮಧ್ಯಮಗಳ ನಟ್ಟನಡುವೆ
- 12: 466.7 ಹರ್ಟ್ಜ್, ಪ

ಸೆಂಟ್ ಅಂದ್ರೆ ಪಿಯಾನೋದ ಎರಡು ಪಕ್ಕದ ಕೀಲಿಗಳ ನಡುವಿನ ಅಂತರದ ನೂರನೇ ಒಂದು ಭಾಗ. 7 ಮತ್ತು 11 "ಅಪಶ್ರುತಿ" ಅನ್ನಿಸಿದರೆ ಅದು ವಾದ್ಯದ ದೋಷ ಅಲ್ಲ. ಒಳ್ಳೆಯ ಹಾರ್ನ್‌ನಲ್ಲೂ ಅವು ಹಾಗೇ ಇರುತ್ತವೆ. ಕೈ ಇಟ್ಟು ಸರಿಪಡಿಸುವುದು ವಾದಕನ ಕೆಲಸ. ಹಳೆ ಹಾರ್ನ್ ನೋಡಲು ಹೋದವರು ಇದನ್ನು ತಿಳಿದಿರದಿದ್ದರೆ, ಸರಿಯಾಗಿರುವ ವಾದ್ಯವನ್ನೇ ಕೆಟ್ಟಿದೆ ಅಂದುಕೊಂಡು ಎದ್ದು ಬರುತ್ತಾರೆ.

ಮೊದಲು: ಇದು ಏನು ಅನ್ನೋದು ಗೊತ್ತಾಗಲಿ

"ಹಳೇ ಹಾರ್ನ್" ಅನ್ನೋ ಹೆಸರಿನಲ್ಲಿ ನಾಲ್ಕು ಬಗೆಯ ವಸ್ತುಗಳು ಮಾರಾಟವಾಗುತ್ತವೆ.

ಒಂದು, ಅಲಂಕಾರದ ಹಾರ್ನ್. ಗೋಡೆಗೆ ನೇತುಹಾಕಲು ಮಾಡಿದ್ದು. ನಮ್ಮ ಮೊರಾದಾಬಾದಿನಂಥ ಹಿತ್ತಾಳೆ ಊರುಗಳಲ್ಲಿ ಇಂಥವನ್ನು ಚೆನ್ನಾಗಿ ಮಾಡುತ್ತಾರೆ, ಆದರೆ ಅವು ಸಂಗೀತಕ್ಕಲ್ಲ. ಪತ್ತೆ ಮಾಡುವುದು ಸುಲಭ: ಕೊಳವೆಯ ಮೇಲೆ ದಾರ ಹಿಡಿದು ಸುರುಳಿಯುದ್ದಕ್ಕೂ ಅಳೆಯಿರಿ. ಒಂದೆರಡು ಮೀಟರಿಗೇ ಮುಗಿದರೆ, ಮೌತ್‌ಪೀಸ್ ಬಿಚ್ಚಲು ಬರದಿದ್ದರೆ, ಅದು ಗೋಡೆಗೇ ಸರಿ.

ಎರಡು, ಫ್ರೆಂಚರ ಬೇಟೆ ಹಾರ್ನ್. ಇದು ನಿಜವಾದ ವಾದ್ಯವೇ, ನ್ಯಾಚುರಲ್ ಹಾರ್ನೇ. ಆದರೆ ಡಿ ಶ್ರುತಿ ಒಂದೇ. ಕ್ರುಕ್ ಇಲ್ಲ, ಶ್ರುತಿ ಹೊಂದಿಸುವ ಟ್ಯೂನಿಂಗ್ ಸ್ಲೈಡ್ ಇಲ್ಲ. ಬ್ರಾಮ್ಸ್‌ಗೆ ಉಪಯೋಗವಿಲ್ಲ.

ಮೂರು, ವಾಲ್ವ್ ಹಾರ್ನ್‌ನಿಂದ ವಾಲ್ವ್ ಕಿತ್ತು "ನ್ಯಾಚುರಲ್" ಮಾಡಿದ್ದು. ನುಡಿಸೋಕೆ ಇದು ಕೆಟ್ಟದ್ದೇನಲ್ಲ, ಕಡಿಮೆ ಖರ್ಚಿನ ಒಳ್ಳೆ ದಾರಿಯೇ. ಆದರೆ ಪುರಾತನ ವಾದ್ಯದ ಬೆಲೆ ಕೊಡಬಾರದು. ಕೊಳವೆಯ ಮಧ್ಯೆ ಹಳೇ ಬೆಸುಗೆಯ ಕಲೆ, ಬಣ್ಣ ಬೇರೆ ಇರುವ ತುಂಡು ಕಂಡರೆ ಅನುಮಾನ ಪಡಿ.

ನಾಲ್ಕು, ನಾವು ಹುಡುಕುತ್ತಿರುವ ಅಸಲಿ ಆರ್ಕೆಸ್ಟ್ರಾ ಹಾರ್ನ್.

ಅಣ್ಣ ಶನಿವಾರ ಊರಾಚೆಯ ಒಂದು ಹಳ್ಳಿಗೆ ಹೋದ. ಮಾರುತ್ತಿದ್ದವರು ಒಬ್ಬ ವಯಸ್ಸಾದ ಹೆಂಗಸು. ಅವರ ಮಾವನ ಹಾರ್ನ್ ಅಂತೆ, ಮನೆ ಹಿಂದಿನ ಉಗ್ರಾಣದಲ್ಲಿ ಪೆಟ್ಟಿಗೆಯೊಳಗಿತ್ತು. ಅಣ್ಣ ವಿಡಿಯೋ ಕಾಲ್ ಹಾಕಿ ಫೋನನ್ನು ಒಂದು ಡಬ್ಬಕ್ಕೆ ಒರಗಿಸಿಟ್ಟ. ದಾರ ಹಿಡಿದು ಅಳೆದೆವು. ಎಫ್, ಇ-ಫ್ಲಾಟ್, ಡಿ, ಮೂರು ಕ್ರುಕ್‌ಗಳು. ಅಳತೆಗಳು ಹೊಂದಿದವು. ನಾಲ್ಕನೇ ಬಗೆಯದೇ.

ಕಣ್ಣಿಗೆ ಕಾಣುವುದು

*ಹೆಸರು.* ಜರ್ಮನ್ ಹಿತ್ತಾಳೆ ವಾದ್ಯಗಳಲ್ಲಿ ಬೆಲ್‌ನ ಅಂಚಿಗೆ ಸುತ್ತಲೂ ಒಂದು ಪಟ್ಟಿ ಕೂರಿಸುತ್ತಾರೆ. ತಯಾರಕನ ಹೆಸರು, ಊರು ಅದರ ಮೇಲೆ ಕೆತ್ತಿರುತ್ತದೆ. ಕಾಲ ಗುರುತಿಸೋಕೆ ಅದೇ ಮುಖ್ಯ ಸಾಕ್ಷಿ. ನಮ್ಮ ಹಾರ್ನ್‌ನಲ್ಲಿ ಪಟ್ಟಿ ಇತ್ತು, ಹೆಸರು ಇರಲಿಲ್ಲ. ಟಾರ್ಚ್ ಅನ್ನು ಓರೆಯಾಗಿ ಹಿಡಿದಾಗ ಎರಡು ಮೂರು ಅಕ್ಷರದ ನೆರಳು ಕಂಡಿತು, ಓದೋಕೆ ಆಗಲಿಲ್ಲ. ಯಾರೋ ವರ್ಷಗಟ್ಟಲೆ ಫಳಫಳ ಹೊಳೆಯಲಿ ಅಂತ ತಿಕ್ಕಿ ತಿಕ್ಕಿ ಹೆಸರನ್ನೇ ಅಳಿಸಿಬಿಟ್ಟಿದ್ದರು. ನಮ್ಮ ಮನೆಗಳಲ್ಲಿ ಹಿತ್ತಾಳೆ ಬಿಂದಿಗೆಯನ್ನು ಹುಣಸೆಹಣ್ಣು ಹಾಕಿ ತಿಕ್ಕುವ ಹಾಗೆ. ಬಿಂದಿಗೆ ದಪ್ಪ ಇರುತ್ತೆ, ತಡ್ಕೊಳ್ಳುತ್ತೆ. ಹಾರ್ನ್‌ನ ತಗಡು ಅರ್ಧ ಮಿ.ಮೀ. ಆಸುಪಾಸು. ಪ್ರತಿ ಸಲ ಪಾಲಿಶ್ ಮಾಡಿದಾಗಲೂ ಒಂದಿಷ್ಟು ಲೋಹ ಹೋಗುತ್ತದೆ. ಅದಕ್ಕೇ ಹೊಳೆಯುವ ಹಳೇ ವಾದ್ಯಕ್ಕಿಂತ ಮಂಕಾದ ಹಳೇ ವಾದ್ಯ ಮೇಲು.

*ಗುಲಾಬಿ ಚುಕ್ಕೆ.* ಹಿತ್ತಾಳೆ ಅಂದ್ರೆ ತಾಮ್ರ ಮತ್ತು ಸತು. ವರ್ಷಾನುಗಟ್ಟಲೆ ತೇವ ತಗುಲಿದಾಗ ಸತು ಕರಗಿ ಹೋಗಿ, ತೂತುತೂತಾದ ತಾಮ್ರ ಮಾತ್ರ ಉಳಿಯುತ್ತದೆ. ಇದನ್ನು ಮೆಟೀರಿಯಲ್ ಸೈನ್ಸ್‌ನಲ್ಲಿ ಡಿಜಿಂಕಿಫಿಕೇಶನ್ ಅಂತ ಓದಿದ್ದೇವೆ. ಹೊರಗಿನಿಂದ ಗುಲಾಬಿ ಬಣ್ಣದ ಚುಕ್ಕೆ, ಅದರ ನಡುವೆ ಕಪ್ಪು ಬೊಟ್ಟು. ಒಳಗಿನಿಂದ ಹೊರಗೆ ಬರುವ ಕಾಯಿಲೆ ಇದು, ಅಂದರೆ ಹೊರಗೆ ಕಂಡಾಗ ಒಳಗೆ ಸಾಕಷ್ಟು ತಿಂದಿರುತ್ತದೆ. ಬಾಯಿಗೆ ಹತ್ತಿರದ ಕೊಳವೆಯಲ್ಲಿ ಹೆಚ್ಚು, ಯಾಕಂದ್ರೆ ಉಸಿರಿನ ತೇವ ಅಲ್ಲೇ ನಿಲ್ಲುತ್ತೆ. ಡಿ ಕ್ರುಕ್‌ನಲ್ಲಿ ಇಂಥ ಏಳೆಂಟು ಚುಕ್ಕೆಗಳಿದ್ದವು. ಇ-ಫ್ಲಾಟ್‌ನಲ್ಲಿ ಇರಲಿಲ್ಲ. ಅಣ್ಣ ಉಸಿರು ಬಿಟ್ಟ.

*ಸವೆತದ ಜಾಗ.* ಎಡಗೈ ಹಿಡಿಯುವ ಕಡೆ ಕೊಳವೆ ನುಣ್ಣಗಾಗಿತ್ತು. ಬೆಲ್ ಒಳಗೆ ಉಳಿದೆಲ್ಲ ಕಡೆ ಕಪ್ಪಗಿದ್ದು, ಬಲಗೈ ಬೆರಳುಗಳು ಕೂರುವ ಜಾಗದಲ್ಲಿ ಮಾತ್ರ ಲೋಹ ತಿಳಿಯಾಗಿತ್ತು. ಅಂದರೆ ಇದನ್ನು ಯಾರೋ ಕೈ ಇಟ್ಟು, ಸರಿಯಾದ ಕ್ರಮದಲ್ಲಿ, ಬಹಳ ಕಾಲ ನುಡಿಸಿದ್ದಾರೆ. ಚೆನ್ನಾಗಿಲ್ಲದ ವಾದ್ಯವನ್ನು ಯಾರೂ ಅಷ್ಟು ವರ್ಷ ನುಡಿಸಲ್ಲ. ಹಳೇ ಬಾವಿಕಟ್ಟೆಯಲ್ಲಿ ಹಗ್ಗದ ಗೆರೆ ಬಿದ್ದಿದ್ದರೆ ಆ ಬಾವಿಯಲ್ಲಿ ಸಿಹಿನೀರಿತ್ತು ಅಂತ ತಾನೇ ಅರ್ಥ?

ಸೋರಿಕೆ ಮತ್ತು ನೆಗ್ಗು

ಸೋರಿಕೆ ಪರೀಕ್ಷೆಗೆ ಒಂದು ಬಲೂನ್ ಸಾಕು. ಬೆಲ್‌ನ ಕತ್ತಿನೊಳಗೆ ಬಲೂನ್ ಇಟ್ಟು ಊದಿ ಬಿಗಿ ಮಾಡಿ. ಮೌತ್‌ಪೀಸ್ ಕಡೆಯಿಂದ ಮೆಲ್ಲಗೆ ಗಾಳಿ ಕೊಡಿ. ಜೋಡಣೆಗಳಿಗೆ ಸೋಪಿನ ನೀರು ಸವರಿ ಗುಳ್ಳೆ ಬರುತ್ತಾ ನೋಡಿ. ಒಂದು ಎಚ್ಚರಿಕೆ: ಯಾವ ಕಾರಣಕ್ಕೂ ಒಳಕ್ಕೆ ಉಸಿರು ಎಳೆಯಬೇಡಿ. ಒಳಗೆ ದಶಕಗಳ ಧೂಳು, ಬೂಸ್ಟು, ಹಸಿರು ಕಿಲುಬು ಇರುತ್ತದೆ. ಮೌತ್‌ಪೀಸ್ ತೊಳೆಯದೆ ಬಾಯಿಗಿಡಲೂಬೇಡಿ.

ನಮ್ಮ ಹಾರ್ನ್‌ನಲ್ಲಿ ಎರಡು ಕೊಳವೆ ಸೇರುವ ಒಂದು ಕಡೆ ಗುಳ್ಳೆ ಬಂತು. ಕೂದಲೆಳೆಯಷ್ಟು ಬಿರುಕು. ಇಷ್ಟು ಸಣ್ಣದಕ್ಕೆ ಏನಾಗುತ್ತೆ ಅಂತ ಅಣ್ಣ ಕೇಳಿದ. ಇಲ್ಲೇ ಮಜಾ ಇರೋದು. ಸ್ಟ್ಯಾಂಡಿಂಗ್ ವೇವ್‌ನಲ್ಲಿ ಗಾಳಿಯ ಒತ್ತಡ ಕೆಲವು ಕಡೆ ಜೋರಾಗಿ ಏರಿಳಿಯುತ್ತದೆ (ಪ್ರೆಷರ್ ಆಂಟಿನೋಡ್), ಕೆಲವು ಕಡೆ ಬದಲಾಗುವುದೇ ಇಲ್ಲ (ಪ್ರೆಷರ್ ನೋಡ್). ಬಿರುಕು ನೋಡ್ ಇರುವ ಜಾಗದಲ್ಲಿದ್ದರೆ ಆ ಸ್ವರಕ್ಕೆ ಅದು ಗೊತ್ತೇ ಆಗಲ್ಲ. ಆಂಟಿನೋಡ್ ಜಾಗದಲ್ಲಿದ್ದರೆ ಆ ಸ್ವರ ನಡುಗುತ್ತದೆ, ನಿಲ್ಲುವುದಿಲ್ಲ. ಪ್ರತಿ ಹಾರ್ಮೋನಿಕ್‌ಗೂ ಈ ಜಾಗಗಳು ಬೇರೆ. ಹಾಗಾಗಿ "ಎಲ್ಲಾ ಸ್ವರ ಚೆನ್ನಾಗಿದೆ, ಒಂದು ಮಾತ್ರ ಕೈಕೊಡುತ್ತೆ" ಅಂದ್ರೆ ಮೊದಲ ಅನುಮಾನ ಸೋರಿಕೆಯ ಮೇಲೆ. ನಮ್ಮಲ್ಲಿ 9ನೆಯದು ನಡುಗುತ್ತಿತ್ತು. ಬಿರುಕಿನ ಮೇಲೆ ಅಂಟುಪಟ್ಟಿ ಬಿಗಿದಾಗ ನಿಂತಿತು. ರೋಗ ಪತ್ತೆ, ಔಷಧಿಯೂ ಪತ್ತೆ.

ನೆಗ್ಗಿನ ಲೆಕ್ಕವೂ ಇದೇ ಥರ. ಕೊಳವೆ ಎಲ್ಲಿ ನೆಗ್ಗಿದೆಯೋ ಅಲ್ಲಿ ಅಗಲ ಕಡಿಮೆ. ಆ ಜಾಗ ಪ್ರೆಷರ್ ಆಂಟಿನೋಡ್ ಆದರೆ ಆ ಸ್ವರದ ಶ್ರುತಿ ಸ್ವಲ್ಪ ಏರುತ್ತದೆ. ಗಾಳಿಯ ಚಲನೆ ಹೆಚ್ಚಿರುವ ಜಾಗವಾದರೆ ಇಳಿಯುತ್ತದೆ. ಎಷ್ಟು ಅನ್ನೋದು ಕೊಳವೆಯ ಅಗಲದ ಮೇಲೆ ನಿಂತಿದೆ. ನಮ್ಮ ಹಾರ್ನ್‌ನ ಬೆಲ್ ಅಂಚು ಒಂದು ಕಡೆ ಅಂಗೈ ಅಗಲಕ್ಕೆ ಮಡಿಚಿತ್ತು. ಫೋಟೋದಲ್ಲಿ ಅದೇ ಎದ್ದು ಕಾಣುತ್ತಿತ್ತು, ಬೆಲೆ ಇಳಿದದ್ದೂ ಅದರಿಂದಲೇ. ಆದರೆ ಶಬ್ದಕ್ಕೆ ಅದರಿಂದ ಏನೂ ಆಗಿರಲಿಲ್ಲ. ಎಫ್ ಕ್ರುಕ್‌ನಲ್ಲಿ, ಮೌತ್‌ಪೀಸ್‌ಗೆ ಹತ್ತಿರದ ಕಿರಿದಾದ ಭಾಗದಲ್ಲಿ ಒಂದು ಬಟಾಣಿ ಗಾತ್ರದ ನೆಗ್ಗು ಇತ್ತು. ಕಣ್ಣಿಗೆ ಬೀಳದಷ್ಟು ಸಣ್ಣದು. ತೊಂದರೆ ಕೊಡುತ್ತಿದ್ದದ್ದು ಅದು.

ಕ್ರುಕ್‌ನ ತುದಿ ಗೂಡಿನಲ್ಲಿ ಅಲುಗಾಡದೆ ಕೂರಬೇಕು. ಸಾವಿರಾರು ಸಲ ಹಾಕಿ ತೆಗೆದು ಸಡಿಲವಾಗಿದ್ದರೆ ಅಲ್ಲೂ ಸೋರುತ್ತದೆ. ಇದಕ್ಕೆ ಹೆದರಬೇಕಿಲ್ಲ, ಸದ್ಯಕ್ಕೆ ನಲ್ಲಿಗೆ ಸುತ್ತುವ ಬಿಳಿ ಟೇಪ್ ಒಂದು ಸುತ್ತು ಸಾಕು. ಇಂದಿನ ಮೌತ್‌ಪೀಸ್ ಹಳೇ ಹಾರ್ನ್‌ಗೆ ಸರಿಯಾಗಿ ಕೂರದೇ ಇರಬಹುದು ಅನ್ನೋದೂ ಗಮನದಲ್ಲಿರಲಿ. ಜೊತೆಗೆ ಹಳೇ ಮೌತ್‌ಪೀಸ್ ಇದ್ದರೆ ಕೇಳಿ ತೆಗೆದುಕೊಳ್ಳಿ.

ನುಡಿಸಿ ನೋಡಿದ್ದು, ಮತ್ತು ನನ್ನ ತಪ್ಪು

ಕೊನೆಗೆ ಶ್ರುತಿ. ಟ್ಯೂನಿಂಗ್ ಸ್ಲೈಡ್ ಪೂರ್ತಿ ಒಳಗೆ ತಳ್ಳಿ, ಇ-ಫ್ಲಾಟ್ ಕ್ರುಕ್ ಹಾಕಿ, ಅಣ್ಣ 8ನೇ ಹಾರ್ಮೋನಿಕ್ ನುಡಿಸಿದ. ಟ್ಯೂನರ್ ಆ್ಯಪ್‌ನಲ್ಲಿ 307.6 ಹರ್ಟ್ಜ್ ಬಂತು. ಅಣ್ಣನ ಆರ್ಕೆಸ್ಟ್ರಾ ಎ = 442ಕ್ಕೆ ಶ್ರುತಿ ಮಾಡುತ್ತದೆ. ಆ ಲೆಕ್ಕಕ್ಕೆ 312.5 ಬರಬೇಕಿತ್ತು. 27 ಸೆಂಟ್‌ಗೂ ಹೆಚ್ಚು ಕೆಳಗೆ. ಪಕ್ಕದಲ್ಲಿ ಇನ್ನೊಂದು ವಾದ್ಯ ಅದೇ ಸ್ವರ ನುಡಿಸಿದರೆ ಸೆಕೆಂಡಿಗೆ ಸುಮಾರು ಐದು ಬೀಟ್ಸ್. ಕಿವಿಗೆ ಚುಚ್ಚುತ್ತೆ.

ನಾನು ಲೆಕ್ಕ ಹಾಕಿದೆ. 307.6 ಅಂದ್ರೆ ಎ = 435. ನೋಡಿದ ತಕ್ಷಣ ಮೈ ಜುಮ್ಮೆಂದಿತು. ಹಿಂದಿನ ರಾತ್ರಿಯಷ್ಟೇ ಓದಿದ್ದೆ: 1859ರಲ್ಲಿ ಫ್ರಾನ್ಸ್ ಸರ್ಕಾರ ಎ = 435 ಎಂದು ಶ್ರುತಿಯನ್ನು ಕಾನೂನಿನಿಂದ ನಿಗದಿ ಮಾಡಿತ್ತು, ಆಮೇಲೆ ಯುರೋಪಿನ ಬೇರೆ ಕಡೆಗೂ ಅದು ಹರಡಿತು. ಹಾರ್ನ್ ಆ ಕಾಲದ್ದೇ ಅನ್ನೋಕೆ ಇನ್ನೇನು ಸಾಕ್ಷಿ ಬೇಕು?

ಪರಿಹಾರವೂ ಸುಲಭ. ಉದ್ದ ಕಡಿಮೆ ಮಾಡಿದರೆ ಶ್ರುತಿ ಏರುತ್ತದೆ. 1.6 ಶೇಕಡಾ ಏರಿಸಬೇಕು, ಹಾಗಾಗಿ ಇ-ಫ್ಲಾಟ್ ಕ್ರುಕ್‌ನಿಂದ 6.7 ಸೆಂ.ಮೀ., ಎಫ್‌ನಿಂದ 6 ಸೆಂ.ಮೀ., ಡಿಯಿಂದ 7 ಸೆಂ.ಮೀ. ಕತ್ತರಿಸಬೇಕು. ನೀಟಾಗಿ ಟೇಬಲ್ ಮಾಡಿ ಅಣ್ಣನಿಗೆ ಕಳಿಸಿದೆ. ಅಣ್ಣ ಹಾರ್ನ್ ಕೊಂಡ. ಡಿ ಕ್ರುಕ್‌ನ ಚುಕ್ಕೆಗಳನ್ನು ತೋರಿಸಿದ್ದಕ್ಕೆ ಆ ಅಜ್ಜಿ ಒಂದಿಷ್ಟು ಬಿಟ್ಟೂ ಕೊಟ್ಟರು. ಮೂರೂ ಕ್ರುಕ್‌ಗಳನ್ನು ರಿಪೇರಿಯವರ ಹತ್ತಿರ ಬಿಟ್ಟು ಬಂದ. ಬುಧವಾರ ಕತ್ತರಿಸುವುದಾಗಿ ಅವರು ಹೇಳಿದರು.

ಭಾನುವಾರ ನಾನು ಊರಿಗೆ ಹೋಗಿದ್ದೆ. ತಂಗಿ ಪಿಯುಸಿ. ಫಿಸಿಕ್ಸ್ ರೆಕಾರ್ಡ್ ಬರೆಯುತ್ತಾ ಕೂತಿದ್ದವಳು, "ಅಣ್ಣ, ಈ ರೆಸೊನೆನ್ಸ್ ಕಾಲಂ ಎಕ್ಸ್‌ಪರಿಮೆಂಟಲ್ಲಿ ರೂಮ್ ಟೆಂಪರೇಚರ್ ಯಾಕೆ ಬರೀಬೇಕು? ಬರೀ ಉದ್ದ ಅಳೆದ್ರೆ ಸಾಕಲ್ವಾ?" ಅಂದಳು.

ಉತ್ತರ ಹೇಳೋಕೆ ಬಾಯಿ ತೆರೆದವನು ಹಾಗೇ ನಿಂತುಬಿಟ್ಟೆ.

ಗಾಳಿಯಲ್ಲಿ ಶಬ್ದದ ವೇಗ ತಾಪಮಾನದ ಮೇಲೆ ನಿಂತಿದೆ, ಕೆಲ್ವಿನ್‌ನಲ್ಲಿ ಅಳೆದ ತಾಪಮಾನದ ವರ್ಗಮೂಲದಂತೆ. ಫ್ರೀಕ್ವೆನ್ಸಿಯೂ ಅದರ ಜೊತೆಗೇ ಏರಿಳಿಯುತ್ತದೆ. ಜನವರಿ ತಿಂಗಳು, ಹೀಟರ್ ಇಲ್ಲದ ಉಗ್ರಾಣ. ಅಣ್ಣನಿಗೆ ಫೋನ್ ಮಾಡಿ, ಅಲ್ಲಿ ಎಷ್ಟು ಚಳಿ ಇತ್ತು ಅಂತ ಕೇಳಿದೆ. "ಗೋಡೆ ಮೇಲೆ ಥರ್ಮಾಮೀಟರ್ ಇತ್ತು ಕಣೋ, 12 ಡಿಗ್ರಿ. ಕೋಟ್ ಹಾಕ್ಕೊಂಡೇ ನುಡಿಸಿದ್ದು. ಯಾಕೆ?"

12 ಡಿಗ್ರಿ ಅಂದ್ರೆ 285 ಕೆಲ್ವಿನ್. ಬೆಚ್ಚಗಿನ ಹಾಲ್ 22 ಡಿಗ್ರಿ, ಅಂದ್ರೆ 295 ಕೆಲ್ವಿನ್. 295 ಭಾಗಿಸು 285, ಅದರ ವರ್ಗಮೂಲ 1.017. ಸೆಂಟ್‌ನಲ್ಲಿ ಹೇಳಿದರೆ ಸುಮಾರು 30. ನಾನು ಕತ್ತರಿಸಿ ಸರಿ ಮಾಡಲು ಹೊರಟಿದ್ದ 27 ಸೆಂಟ್ ಇರುವುದು ಹಾರ್ನ್‌ನಲ್ಲೋ ಚಳಿಯಲ್ಲೋ ಅನ್ನೋದೇ ನನಗೆ ಗೊತ್ತಿರಲಿಲ್ಲ.

"ಬಿಸಿಯಾದರೆ ಹಿತ್ತಾಳೆ ಹಿಗ್ಗಿ ಉದ್ದ ಆಗಲ್ವಾ, ಶ್ರುತಿ ಇಳಿಯಲ್ವಾ?" ಅಂತ ನೀವು ಕೇಳಬಹುದು. ಅದೂ ನಿಜ. ಆದರೆ 4.2 ಮೀ. ಹಿತ್ತಾಳೆ 10 ಡಿಗ್ರಿಗೆ ಹಿಗ್ಗುವುದು 1 ಮಿ.ಮೀ.ಗಿಂತ ಕಡಿಮೆ. ಗಾಳಿಯ ಪರಿಣಾಮದ ಮುಂದೆ ಅದು ಲೆಕ್ಕಕ್ಕೇ ಇಲ್ಲ.

"ಅಣ್ಣ, ಮೊದಲು ಕ್ರುಕ್ ವಾಪಸ್ ತಗೊಂಡು ಬಾ. ಕತ್ತರಿಸೋದು ಬೇಡ. ಇನ್ನೊಂದು ಸಲ ಅಳೀಬೇಕು."

"ನೀನೇ ತಾನೇ ಟೇಬಲ್ ಕಳಿಸಿದ್ದು?"

"ತಪ್ಪಾಯ್ತು. ನಾಳೆ ಬೆಳಿಗ್ಗೆನೇ ಹೋಗು."

ಅಣ್ಣ ಸೋಮವಾರ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ ನಿಂತ. ಪುಣ್ಯಕ್ಕೆ ಯಾರೂ ಗರಗಸ ಹಚ್ಚಿರಲಿಲ್ಲ. ಅಂದು ಸಂಜೆ ಮನೆಯಲ್ಲಿ, 22 ಡಿಗ್ರಿಯಲ್ಲಿ, ಬಿರುಕಿಗೆ ಅಂಟುಪಟ್ಟಿ ಹಾಕಿ, ಕಾಲು ಗಂಟೆ ನುಡಿಸಿ ಹಾರ್ನ್ ಬೆಚ್ಚಗಾದ ಮೇಲೆ ಅಳೆದ. ಐದು ಸಲ ಅಳೆದು ಸರಾಸರಿ ತೆಗೆದ. 311.1 ಹರ್ಟ್ಜ್. ಅಂದ್ರೆ ಎ = 440. ಏರಿಕೆ 30 ಸೆಂಟ್ ಬರಲಿಲ್ಲ, 19 ಬಂತು, ಯಾಕಂದ್ರೆ ಉಗ್ರಾಣದಲ್ಲೂ ಉಸಿರಿನ ಬಿಸಿ ಕೊಳವೆಯೊಳಗೆ ಇದ್ದೇ ಇತ್ತು. ಉಳಿದ 8 ಸೆಂಟ್‌ಗೆ ಅಣ್ಣ ಬಲಗೈಯನ್ನು ಬೆಲ್ ಒಳಗೆ ಸ್ವಲ್ಪ ಹೆಚ್ಚು ತೆರೆದು ಹಿಡಿದ, ಸರಿಹೋಯಿತು. ಕತ್ತರಿಸಬೇಕಾದ ಉದ್ದ: ಸೊನ್ನೆ.

ಕತ್ತರಿಸಿದ್ದರೆ ಏನಾಗುತ್ತಿತ್ತು? ಬೆಚ್ಚಗಿನ ಹಾಲ್‌ನಲ್ಲಿ ಶ್ರುತಿ ಏರಿ ಕೂರುತ್ತಿತ್ತು. ಸ್ಲೈಡ್ ಎಳೆದು ಒಂದಿಷ್ಟು ಸರಿ ಮಾಡಬಹುದಿತ್ತು ಅನ್ನಿ. ಆದರೆ ತಯಾರಕ ಇಟ್ಟ ಉದ್ದ ಎಷ್ಟು ಅನ್ನೋದು ಶಾಶ್ವತವಾಗಿ ಹೋಗುತ್ತಿತ್ತು. ಹೆಸರನ್ನು ಪಾಲಿಶ್ ಅಳಿಸಿತ್ತು, ಉಳಿದಿದ್ದ ಇನ್ನೊಂದು ಗುರುತನ್ನು ನಾನು ಅಳಿಸುತ್ತಿದ್ದೆ.

ಯೋಚಿಸಿದರೆ, ಫಾರ್ಮುಲಾ ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಅದು. ಮೊದಲ ಸೆಮ್‌ನಿಂದ ಗೊತ್ತಿದ್ದದ್ದೇ. 435 ಅನ್ನೋ ಸಂಖ್ಯೆ ನಾನು ಓದಿದ್ದ ಇತಿಹಾಸಕ್ಕೆ ಎಷ್ಟು ಚೆನ್ನಾಗಿ ಹೊಂದಿತು ಅಂದ್ರೆ, ಅಲ್ಲಿಂದ ಮುಂದೆ ನಾನು ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿಬಿಟ್ಟೆ. ಲ್ಯಾಬ್‌ನಲ್ಲಿ ರೀಡಿಂಗ್ ಸರಿಯಾಗಿ ಬಂದಾಗ ನಾವ್ಯಾರಾದರೂ ಎರಡನೇ ಸಲ ಅಳೀತೀವಾ? ತಪ್ಪು ಬಂದಾಗ ಮಾತ್ರ ಅಳೀತೀವಿ.

ರಿಪೇರಿ: ಏನು ಮಾಡಿದೆವು, ಏನು ಬಿಟ್ಟೆವು

ಬಿರುಕಿಗೆ ಕಡಿಮೆ ಶಾಖದ ಮೆದು ಬೆಸುಗೆ ಹಾಕಿಸಿದೆವು. ಮುಂದೆ ಬೇಕಾದರೆ ಬಿಚ್ಚಬಹುದು. ಎಫ್ ಕ್ರುಕ್‌ನ ಬಟಾಣಿ ನೆಗ್ಗನ್ನು ಒಳಗಿನಿಂದ ಗುಂಡು ಉರುಳಿಸಿ ಎತ್ತಿಸಿದೆವು. ಒಳಭಾಗವನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದದ್ದಾಯಿತು. ಬೆಲ್‌ನ ಮಡಿಕೆಯನ್ನು ಮುಟ್ಟಲಿಲ್ಲ, ಹಳೇ ತಗಡು ಬಗ್ಗಿಸಲು ಹೋದರೆ ಸೀಳಬಹುದು. ಪಾಲಿಶ್ ಇಲ್ಲ, ಮೆರುಗೆಣ್ಣೆ ಇಲ್ಲ. ಡಿ ಕ್ರುಕ್ ಪೆಟ್ಟಿಗೆಯಲ್ಲೇ ಇದೆ. ಬೇಕೆನಿಸಿದಾಗ ಅದರ ಅಳತೆಗೆ ಹೊಸದೊಂದು ಮಾಡಿಸುವುದು, ಹಳೆಯದನ್ನು ಹಾಗೇ ಇಡುವುದು ಅಂತ ತೀರ್ಮಾನ.

ನಿಯಮ ಒಂದೇ: ಹಿಂದಕ್ಕೆ ತರಲಾಗುವ ಕೆಲಸ ಮೊದಲು, ಹಿಂದಕ್ಕೆ ತರಲಾಗದ್ದು ಕೊನೆಗೆ, ಸಾಧ್ಯವಾದರೆ ಬೇಡವೇ ಬೇಡ.

ನಿಮಗೊಂದು ಪಟ್ಟಿ

1. ದಾರ ಹಿಡಿದು ಉದ್ದ ಅಳೆಯಿರಿ. ಅಲಂಕಾರದ್ದೋ ವಾದ್ಯವೋ ಗೊತ್ತಾಗಲಿ.
2. ಕ್ರುಕ್‌ಗಳೆಷ್ಟು, ನಿಮಗೆ ಬೇಕಾದದ್ದು ಇದೆಯಾ ನೋಡಿ.
3. ಬೆಲ್ ಅಂಚಿನ ಹೆಸರನ್ನು ಓರೆ ಬೆಳಕಿನಲ್ಲಿ ಓದಿ.
4. ಗುಲಾಬಿ ಚುಕ್ಕೆ, ಹೊಸ ಬೆಸುಗೆ, ಬಣ್ಣ ಬೇರೆಯಾದ ತುಂಡು ಹುಡುಕಿ.
5. ಬಲೂನ್, ಸೋಪಿನ ನೀರಿನಿಂದ ಸೋರಿಕೆ ನೋಡಿ. ಒಳಕ್ಕೆ ಉಸಿರೆಳೆಯಬೇಡಿ.
6. ನೆಗ್ಗುಗಳನ್ನು ಗಾತ್ರದಿಂದಲ್ಲ, ಜಾಗದಿಂದ ತೂಗಿ.
7. ಹಾರ್ಮೋನಿಕ್‌ಗಳನ್ನು ಒಂದೊಂದಾಗಿ ನುಡಿಸಿ. 7 ಮತ್ತು 11ಕ್ಕೆ ಬೈಯಬೇಡಿ.
8. ಶ್ರುತಿ ಬರೆಯುವಾಗ ಪಕ್ಕದಲ್ಲೇ ತಾಪಮಾನ ಬರೆಯಿರಿ.
9. ಮಾರುವವರು "ಪಾಲಿಶ್ ಮಾಡಿಸಿ ಕೊಡ್ತೀವಿ" ಅಂದರೆ ಕೈ ಮುಗಿದು ಬೇಡ ಅನ್ನಿ.

ಭಾರತದಲ್ಲೇ ಇಂಥ ಹಳೇ ವಸ್ತು ಸಿಕ್ಕರೆ ಇನ್ನೊಂದು ವಿಷಯ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಪ್ರಾಚ್ಯವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಉಡುಗೊರೆ ಅಂತ ಪಾರ್ಸೆಲ್ ಕಟ್ಟುವ ಮುಂಚೆ ಕೇಳಿ ತಿಳಿದುಕೊಳ್ಳಿ.

ಏಪ್ರಿಲ್‌ನಲ್ಲಿ ಅಣ್ಣ ವಿಡಿಯೋ ಕಾಲ್ ಮಾಡಿ ಬ್ರಾಮ್ಸ್ ಟ್ರಯೊದ ಮೊದಲ ಭಾಗ ಅಷ್ಟು ನುಡಿಸಿ ಕೇಳಿಸಿದ. ತೆರೆದ ಸ್ವರ ದುಂಡಗೆ, ಕೈಯಿಂದ ಮುಚ್ಚಿದ ಸ್ವರ ಗೋಡೆಯಾಚೆಯಿಂದ ಬಂದ ಹಾಗೆ. ವಾಲ್ವ್ ಹಾರ್ನ್‌ನಲ್ಲಿ ಎಲ್ಲವೂ ಒಂದೇ ಸಮ ಕೇಳುತ್ತೆ, ಇದರಲ್ಲಿ ಒಂದೊಂದಕ್ಕೂ ಒಂದೊಂದು ಬಣ್ಣ. ಒಳಗಿನಿಂದ ನಮ್ಮ ಅಜ್ಜಿ ಕೇಳಿದರು, "ಯಾವೂರ ಜಾತ್ರೆನೋ ಅದು?"

ತಂಗಿಯ ರೆಕಾರ್ಡ್‌ಗೆ ಸಹಿ ಬಿದ್ದಿದೆ. ಆ ಪುಟದಲ್ಲಿ ಕೊಠಡಿ ತಾಪಮಾನ 27 ಡಿಗ್ರಿ ಅಂತಿದೆ. ಯಾಕೆ ಬರೆಯಬೇಕು ಅಂತ ಅವಳಿಗೆ ಈಗ ಗೊತ್ತು. ನನಗೂ.